ಫೌಜಿಗಳು ಕೇಳಿದ ಹಾಡು

೧೯೭೩. ಮರಾಠಿ ನಾಡಿನ ಕಲ್ಯಾಣದಲ್ಲಿ ಸೀಮೆಎಣ್ಣೆಯ ಸಾಲಿನಲ್ಲಿ ನಿಂತಿದ್ದ ಸರ್ವೋತ್ತಮನಿಗೆ ಮುಂದಿದ್ದ ಇಬ್ಬರು ಹೆಂಗಸರ ಕನ್ನಡ ಕಿವಿಗೆ ಬಿತ್ತು.

"ನಿನ್ನೆ ರೇಡಿಯೋದಾಗ ನನ್ನ ಮಗನ ಹೆಸರು ಬಂತ್ರೀ, ಪ್ರಫುಲ್ಲಾಬಾಯಿ. ಫೌಜಿನ ಸಿಪಾಯಿಗಳು ಕೇಳಿದ ಹಾಡು ಹಾಕ್ತಾರಲ್ಲ, ಅದ್ರಾಗ."

"ಹೌದಾ ಪಾರವ್ವಕ್ಕ? ಅವನೊಬ್ಬನದೇ ಹೆಸರಾ?"

"ಇಲ್ರೀ. ಒಬ್ಬ ಸಿಂಗ್, ಒಬ್ಬ ಬ್ಯಾನರ್ಜಿ, ಒಬ್ಬ ಪಿಳ್ಳೆ, ಕಡೀಕ ನಮ್ಮಾಂವ. ನಾಕೂ ಮಂದಿ ಒಂದ ಹಿಂದಿ ಹಾಡು ಕೇಳ್ಯಾರ. ನನಗ ತಿಳೀಲಿಲ್ಲ. ಏನಂತೈತ್ರೀ ಅದು?"

ಪಾರವ್ವ ಕಣ್ಣು ಮುಚ್ಚಿ ಗುನುಗಿದಳು. ಅದು ನಲ್ಲೆಯನ್ನು ಬೆಳದಿಂಗಳಿಗೆ ಕರೆಯುವ ಸಿನಿಮಾ ಹಾಡೆಂದು ಸರ್ವೋತ್ತಮನಿಗೆ ಗೊತ್ತಿತ್ತು.

ಪ್ರಫುಲ್ಲಾ ಪಾರವ್ವನ ಮುಖವನ್ನೊಮ್ಮೆ ನೋಡಿದಳು. "ಅಮ್ಮನ ಮಡಿಲಲ್ಲಿ ಮಲಗ್ಬೇಕು ಅಂತ ಉಂಟಕ್ಕ."

"ನಾಕೂ ಮಂದಿಗೂ ಅದ ಆಸೇನ್ರೀ?"

"ನಾಲ್ಕೂ ಜನಕ್ಕೂ."

ಡಬ್ಬಿ ತುಂಬಿಸಿಕೊಂಡು ಇಬ್ಬರೂ ಹೊರಟರು. ಪಾರವ್ವ ಅದೇ ಹಾಡನ್ನು, ಈಗ ಬಹಳ ನಿಧಾನವಾಗಿ, ಜೋಗುಳದಂತೆ ಗುನುಗುತ್ತ ತಿರುವಿನಲ್ಲಿ ಮರೆಯಾದಳು.