ಪಟೇಲನ ರುಮಾಲು, ಸಣ್ಣೀರವ್ವನ ಕೂಗು

ಹೂಂ ಅನ್ನೋರು ಹೂಂ ಅನ್ನಿ, ಆಕಳಿಸೋರು ಗೋಡೆಗೆ ಒರಗಿ. ಹೆಸರು ಮರೆತುಹೋದ ಒಂದು ಸೀಮೆ, ಅಲ್ಲೊಂದು ಊರು, ಊರಿಗೊಂದು ಕೆರೆ. ಮಂಚೇಗೌಡ ಅಂತ ಅಲ್ಲಿನ ಪಟೇಲ. ತಲೆ ಮೇಲೆ ರಾಜ ಕೊಟ್ಟ ಕೆಂಪು ರುಮಾಲು. ಅವನು ಕರೆದರೆ ಜನ ಕೈ ಕಟ್ಟಿ ‘ಅಪ್ಪಣೆ ಬುದ್ಧಿ’ ಅನ್ನೋರು.

ಅದೇ ಊರಲ್ಲಿ ಬುಟ್ಟಿ ಹೆಣೆಯೋ ಸಣ್ಣೀರವ್ವ. ಯಾರ ಮನೇಲಿ ಹೆರಿಗೆ, ಯಾರ ಮನೇಲಿ ಜ್ವರ, ಅಲ್ಲಿ ಇವಳೇ ಮೊದಲು. ಅವಳು ಬಾಗಿಲಲ್ಲಿ ನಿಂತು ‘ಸ್ವಲ್ಪ ಬರ್ರಪ್ಪ’ ಅಂದರೆ ಸಾಕು, ಉಣ್ಣೋರು ತಟ್ಟೆ ಬಿಟ್ಟೆದ್ದು ‘ಬಂದ್ವಿ ಕಣಕ್ಕಾ’ ಅನ್ನೋರು.

ಆ ‘ಬಂದ್ವಿ’ ಕಿವಿಗೆ ಬಿದ್ದಾಗೆಲ್ಲ ಪಟೇಲನಿಗೆ ಹೊಟ್ಟೆ ಉರಿ. ಅನ್ನ ಸೇರದು. ತನಗೆ ಒಂದು ಸಲವಾದರೂ ಜನ ಹಾಗನ್ನಬಾರದೇ?

ಏನು ಮಾಡಿದ ಗೊತ್ತೇ? ಡಂಗುರ ಹೊಡೆಸಿದ. ಇನ್ನು ಸಣ್ಣೀರವ್ವ ಯಾರನ್ನೂ ಕೂಗಿ ಕರೆಯೋ ಹಾಗಿಲ್ಲ, ಪಟೇಲರು ಕರೆದರೆ ಎಲ್ಲರೂ ‘ಬಂದ್ವಿ’ ಅನ್ನಬೇಕು. ಮಾರನೇ ದಿನ ಜನರನ್ನ ಕರೆದು ಕಿವಿ ನಿಮಿರಿಸಿ ಕೂತ. ಅವರು ಕೈ ಕಟ್ಟಿ, ‘ಅಪ್ಪಣೆ ಬುದ್ಧಿ, ಬಂದ್ವಿ ಅಂತೀವಿ’ ಅಂದರು. ನಗಬೇಡಿ, ಪಾಪ, ಅವನಿಗೆ ಅಳು ಬಂದಿತ್ತು.

ಕೇಳಿ. ಮಳೆಗಾಲದಲ್ಲಿ ಕೆರೆ ಏರಿಗೆ ತೂತು ಬಿತ್ತು. ಏರಿ ಒಡೆದರೆ ಊರೇ ಇಲ್ಲ. ಪಟೇಲ ಮೇಲೆ ನಿಂತು ಬನ್ನಿ ಅಂದ, ಬಂದರು. ಮಣ್ಣು ತನ್ನಿ ಅಂದ, ತಂದರು. ಸುರೀರಿ ಅಂದ, ಸುರಿದರು. ಆಮೇಲೆ ಮುಂದಿನ ಅಪ್ಪಣೆಗೆ ಕಾದು ನಿಂತರು. ಹಿಂದೆಲ್ಲ ತಾನು ಹೇಳದೆ ಕೆಲಸಕ್ಕೆ ಕೈ ಹಾಕಿದೋರಿಗೆ ಛಡಿ ಏಟು ಕೊಡಿಸಿದ್ದೋನು ಅವನೇ ತಾನೆ? ನೀರು ಕಾಯಲಿಲ್ಲ, ತೂತು ದೊಡ್ಡದಾಯಿತು.

ಸಣ್ಣೀರವ್ವ ಕೂಗಲಿಲ್ಲ, ಕೂಗೋ ಹಾಗಿಲ್ಲವಲ್ಲ. ಸುಮ್ಮನೆ ಇಳಿದು ತೂತಿಗೆ ಬೆನ್ನು ಕೊಟ್ಟು ನಿಂತಳು. ಅದನ್ನ ನೋಡಿ ಪಟೇಲನಿಗೆ ಆಗಲೂ ಹೊಟ್ಟೆಕಿಚ್ಚೇ. ಇವಳು ಸತ್ತರೂ ಇವಳದೇ ಹೆಸರು! ಆ ಕಿಚ್ಚಿಗೇ ತಾನೂ ಧುಮುಕಿದ. ರುಮಾಲು ಬಿಚ್ಚಿ ತೂತಿಗೆ ತುರುಕಿದ. ಪಕ್ಕದಲ್ಲಿ ಬೆನ್ನು ಕೊಟ್ಟ. ಕೆಸರು ಎದೆಮಟ್ಟ ಬಂತು. ಅಪ್ಪಣೆ ಗಿಪ್ಪಣೆ ಮರೆತು, ‘ಸ್ವಲ್ಪ ಬರ್ರಪ್ಪೋ’ ಅಂದ.

‘ಬಂದ್ವಿ ಕಣಣ್ಣಾ’ ಅಂತ ಊರಿಗೂರೇ ಕೆಸರಿಗಿಳೀತು. ಏರಿ ಉಳೀತು.

ಹೊಟ್ಟೆಕಿಚ್ಚು ಆರಿತೇ? ಎಲ್ಲಿಂದ. ಮೈ ತೊಳೆದುಕೊಳ್ಳುತ್ತಾ ಮೆಲ್ಲಗೆ ಕೇಳಿದ, ‘ಅಕ್ಕಾ, ನಿನಗೆ ಅನ್ನೋದಕ್ಕಿಂತ ಜೋರಾಗೇ ಅಂದ್ರು, ಅಲ್ವಾ?’

‘ಅಂದ್ರು ಕಣಪ್ಪ. ರಾಜ ಹೊಸ ರುಮಾಲು ಕಳಿಸಿದ ಮೇಲೂ ಅಂತಾರಾ ನೋಡು.’

ರಾಜ ಕಳಿಸಿದ. ಪಟೇಲ ಅದನ್ನ ಗೂಟಕ್ಕೆ ನೇತುಹಾಕಿ, ಸಾಯೋವರೆಗೂ ಬರಿತಲೇಲೇ ತಿರುಗಿದ. ಯಾಕೆ ಅಂದರೆ, ಸುತ್ತಿಕೊಂಡರೆ ಕಿವಿ ಮುಚ್ಚುತ್ತಂತೆ.

ಕೆರೇಲಿ ನೀರು ನಿಂತಿತು, ನನ್ನ ಬಾಯಲ್ಲಿ ಕಥೆ ನಿಂತಿತು. ಹೂಂ ಅಂದೋರೆಲ್ಲ ಎದ್ದೇಳಿ.