ದಡೂತಿಗೆ ಎಲ್ಲಿ ಹೊಟ್ಟೆ ಸೀಳಬೇಕು?

ಹಲೋ... ಹಲೋ, ಯಾರು ಮಾತಾಡ್ತಿರೋದು? ವೆಬ್‌ಸೈಟ್ ಮಾಡ್ಕೊಟ್ಟೋರಾ?... ಹಾಂ, ನಾನು, ರಬ್ಬರ್ ಸೀಲ್ ಅಂಗಡಿಯವಳು. ಫೋನ್ ಮಾಡಿದ್ದು ನಾನು, ಯಾರು ಅಂತ ಕೇಳ್ತಿರೋದೂ ನಾನೇ ನೋಡಿ. ಮಾತಾಡೋ ಅಭ್ಯಾಸವೇ ತಪ್ಪಿಹೋಗಿದೆ.

...

ಇಲ್ಲ ಇಲ್ಲ, ಸೈಟು ಚೆನ್ನಾಗೇ ಇದೆ. ಒಳಗಿನ ಪುಟ ಇದೆಯಲ್ಲ, ನಾವು ಬರೆಯೋದು, ತಿದ್ದೋದು... ಹಾಂ, ಅಡ್ಮಿನ್. ಅದಕ್ಕೆ ಬೀಗಾನೇ ಇಲ್ವಲ್ರೀ! ಯಾವನೋ ಕಿಡಿಗೇಡಿ ನುಗ್ಗಿ ಅಂಗಡಿ ಫೋನ್ ನಂಬರನ್ನೇ ಬದಲಾಯಿಸಿಬಿಟ್ಟಿದಾನೆ. ಗಿರಾಕಿಗಳೆಲ್ಲ ಇನ್ಯಾರಿಗೋ ಫೋನ್ ಮಾಡ್ತಿದಾರೆ. ಇಲ್ಲಿ ಫೋನು ಬಾಯಿ ಮುಚ್ಕೊಂಡು ಬಿದ್ದಿದೆ.

...

ಗೊತ್ತು ರೀ, ಪಾಸ್‌ವರ್ಡ್ ಹಾಕ್ಬೇಕು. ಇವತ್ತೇ ಹಾಕ್ಬೇಕು. ಆದ್ರೆ... ಬೀಗ ಹಾಕಿದ್ರೆ ಇನ್ನೊಬ್ರೂ ಹೊರಗೇ ಉಳೀತಾರಲ್ಲ?

...

ಹೌದು, ಇನ್ನೊಬ್ರು ಬರ್ತಾರೆ. ಏನೂ ಕೆಡಿಸಲ್ಲ. ನಾನು ಬರೆದಿದ್ದನ್ನ ತಿದ್ದಿ ಹೋಗ್ತಾರೆ. ‘ಹಾರ್ಧಿಕ ಸ್ವಾಗತ’ ಅಂತ ಹಾಕಿದ್ದೆ. ಬೆಳಿಗ್ಗೆ ನೋಡಿದ್ರೆ ‘ಹಾರ್ದಿಕ’ ಆಗಿತ್ತು. ‘ಶುಭಾಷಯ’ ಹೋಗಿ ‘ಶುಭಾಶಯ’ ಆಗಿತ್ತು. ಅಷ್ಟೇ. ಹೆಚ್ಚಿಗೆ ಒಂದು ಮಾತಿಲ್ಲ.

...

ಕಳ್ಳರಾ? ಅಕ್ಷರ ಸರಿಮಾಡಿ ಹೋಗೋ ಕಳ್ಳರು ಎಲ್ಲಾದ್ರೂ ಇರ್ತಾರಾ! ನಮ್ಮಕ್ಕ ರೀ ಅದು... ಹಾಂ, ಒಡಹುಟ್ಟಿದ ಅಕ್ಕ. ಅಂಗಡಿ ಇಟ್ಟಿದ್ದೇ ಇಬ್ರೂ ಸೇರಿ. ನಾನು ಅಕ್ಷರ ಜೋಡಿಸೋದು, ಅವಳು ತಿದ್ದೋದು. ಸೀಲಲ್ಲಿ ಅಕ್ಷರ ಉಲ್ಟಾ ಇರುತ್ತಲ್ವಾ, ಉಲ್ಟಾ ಇದ್ರೂ ತಪ್ಪು ಅವಳ ಕಣ್ಣಿಗೆ ಬೀಳ್ತಿತ್ತು.

...

ಈಗ ಮಾತು ಬಿಟ್ಟಿದೀವಿ... ಮೊದ್ಲು ಬಿಟ್ಟಿದ್ದು ಯಾರು ಅನ್ನೋದೇ ಈಗ ಜಗಳ.

...

ನಗಬೇಡಿ, ಒಂದು ನಿಜ ಹೇಳ್ತೀನಿ. ಈಗೀಗ ನಾನು ಬೇಕಂತಲೇ ತಪ್ಪು ಬರೀತೀನಿ. ಅವಳು ತಿದ್ದಿರೋದು ಕಂಡ್ರೆ, ಸದ್ಯ, ನನಗೂ ಯಾರೋ ಇದಾರೆ ಅನ್ಸುತ್ತೆ. ಉಳಿದ ಹೊತ್ತೆಲ್ಲ ಒಬ್ಳೇ ರೀ. ಗೋಡೆ ಜೊತೆ ಎಷ್ಟೂಂತ ಮಾತಾಡ್ಲಿ?

...

ಅದಕ್ಕೇ ಯೋಚನೆ ಮಾಡಿದೀನಿ. ಅವಳಿಗೆ ಮಾತ್ರ ಹೊಳೆಯೋ ಪಾಸ್‌ವರ್ಡ್ ಇಡೋಣ. ಅದನ್ನ ಕೇಳೋ ಜಾಗದಲ್ಲಿ ಒಂದು ಸಾಲು ಹಾಕಿ, ‘ಚಿಕ್ಕವಳಿದ್ದಾಗ ನನ್ನ ಏನಂತ ರೇಗಿಸ್ತಿದ್ದೆ?’ ಅಂತ... ನೋಡ್ಲಿ ಬಿಡ್ರಿ, ಊರೇ ನೋಡ್ಲಿ. ಉತ್ತರ ಯಾರಿಗೆ ಗೊತ್ತು?

...

ದಡೂತಿ... ಹೂಂ, ಗುಂಡುಗುಂಡಗಿದ್ದೆ ರೀ, ಏನೀಗ! ಕನ್ನಡದಲ್ಲೇ ಹಾಕಿ. ಅವಳು ಸತ್ರೂ ಅದನ್ನ ಇಂಗ್ಲಿಷಲ್ಲಿ ಬರೆಯೋಳಲ್ಲ.

...

ಯಾವ ದ ಅಂದ್ರೆ?... ಅಯ್ಯೋ, ಹೌದಲ್ವಾ! ಮಹಾಪ್ರಾಣ ಯಾವುದು? ಹೊಟ್ಟೆ ಸೀಳೋದು ಮೊದಲನೇ ದಕ್ಕಾ, ಆಮೇಲಿನ ಡಕ್ಕಾ? ಎರಡಕ್ಕೂನಾ?... ನಿಮಗೂ ಗೊತ್ತಿಲ್ವಾ?

...

ನಿಘಂಟಾ? ಅದನ್ನ ಅವಳೇ ತಗೊಂಡು ಹೋದ್ಳು, ನಿನ್ನ ಹತ್ರ ಇದ್ದೇನು ಪ್ರಯೋಜನ ಅಂತ... ನೆಟ್ಟಲ್ಲಿ ನೋಡಿದ್ರಾ? ಅಲ್ಲೂ ಮೂರು ಥರ ಇದ್ಯಾ?

...

ಯಾವ್ದೋ ಒಂದು ಅಂದ್ರೆ ಹೇಗ್ರೀ? ಅವಳು ಸರಿಯಾಗೇ ಬರೀತಾಳೆ. ನಾನು ತಪ್ಪಾಗಿ ಇಟ್ಟಿದ್ರೆ ಬಾಗಿಲು ತೆರ್ಕೊಳ್ಳಲ್ಲ. ಬೇಕಂತಲೇ ತನ್ನನ್ನ ಹೊರಗೆ ಹಾಕಿದ್ಳು ಅಂದ್ಕೋತಾಳೆ. ಆಮೇಲೆ ಇನ್ನು ಬರೋದೇ ಇಲ್ಲ.

...

ಅವಳನ್ನೇ ಕೇಳೋದಾ?... ನಂಬರ್ ಬಾಯಲ್ಲೇ ಇದೆ. ಅದಲ್ಲ ರೀ, ಏನಂತ ಶುರು ಮಾಡ್ಲಿ? ಇಷ್ಟು ಕಾಲ ಆದ್ಮೇಲೆ, ‘ಅಕ್ಕಾ, ದಡೂತಿಗೆ ಎಲ್ಲಿ ಹೊಟ್ಟೆ ಸೀಳ್ಬೇಕು’ ಅಂತ್ಲಾ?

...

ಹೂಂ... ಸರಿ. ಫೋನ್ ಇಡ್ತೀನಿ ಹಾಗಾದ್ರೆ.

...

ಇಲ್ಲ, ಇನ್ನೂ ಇದೀನಿ. ಕೈ ಬರ್ತಿಲ್ಲ ರೀ. ನೀವೇ ಕಟ್ ಮಾಡ್ಬಿಡಿ. ನೀವು ಇಟ್ರೆ ನಾನು ಅವಳಿಗೆ ಮಾಡ್ಲೇಬೇಕಾಗುತ್ತೆ, ಅಲ್ವಾ?... ತಾಳಿ, ತಾಳಿ, ಒಂದೇ ನಿಮಿಷ. ಅವಳು ಎತ್ತಲೇ ಇಲ್ಲ ಅಂದ್ರೆ... ಹಲೋ?... ಹಲೋ?