ದಮ್ಮಸ್ಸು ಹೊಡೆದ ಮೂಲೆ

ನಂಬೋರು ನಂಬಿ, ಬಿಡೋರು ಬಿಡಿ. ನನ್ನ ಚಿಕ್ಕಮ್ಮನ ಮಗನಿಗೇ ಆಗಿದ್ದು... ಮೊದಲು ಆ ಬಾಗಿಲು ಹಾಕಿ.

ಅವನು ಗಾರೆ ಮೇಸ್ತ್ರಿ. ಜನ ಕರೆಯೋದು ತಟ್ಟು ಮೇಸ್ತ್ರಿ ಅಂತ. ಎಲ್ಲಿ ಕೂತರೂ ನೆಲ ತಟ್ಟಿ, ಪೊಳ್ಳೋ ಗಟ್ಟಿಯೋ ನೋಡಬೇಕು. ಹೆಣ್ಣು ನೋಡೋಕೆ ಹೋದವನು ಹೆಣ್ಣಿನ ಮುಖ ಬಿಟ್ಟು ಅವರ ಮನೆ ನೆಲ ತಟ್ಟಿದ ಗಿರಾಕಿ!

ಆವತ್ತು ಕತ್ತಲಾದ ಮೇಲೆ ಬಾವಿ ದಾರಿಯಲ್ಲಿ ಬರ್ತಿದ್ದ. ನಮ್ಮೂರ ಬಡಗಿಯ ಹೆಂಡತಿ ಕರೆಸಿದ್ದಳು, ಅವಳ ಮನೆಯಿಂದಲೇ ವಾಪಸ್ಸು. ಮನೆ ರಿಪೇರಿ ನಡೀತಿತ್ತು. ಹಿಂದಿನ ಕೋಣೆ ಮೂಲೆಯಲ್ಲಿ ಕಾಂಕ್ರೀಟು ನೆಲ ಕುಸಿದು ನೀರು ನಿಲ್ತಿತ್ತು, ಅದನ್ನ ಎತ್ತರಿಸಬೇಕು.

"ಅಣ್ಣ, ಬೆಳಿಗ್ಗೆ ಬೇಗ ಬಾ," ಅಂತ ಪಿಸುಗುಟ್ಟಿದ್ದಳು. "ಮೈದುನ ಇದ್ರೆ ಆ ಮೂಲೆ ಮುಟ್ಟೋಕೇ ಬಿಡಲ್ಲ."

"ಯಾಕಕ್ಕ?"

"ಅದೇ ಗೊತ್ತಾಗ್ಬೇಕು ನಂಗೆ."

ಅವಳ ಗಂಡ ಏಳು ವರ್ಷದ ಹಿಂದೆ ತಮ್ಮನ ಜೊತೆ ಜಗಳ ಆಡ್ಕೊಂಡು ಮನೆ ಬಿಟ್ಟು ಹೋದ ಅಂತ ಸುದ್ದಿ. ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂತ ಕಾಯ್ತಿದ್ದಳು, ಪಾಪ.

ಬಾವಿಗೆ ಚಪ್ಪಡಿ ಮುಚ್ಚಿ ಎಷ್ಟೋ ಕಾಲ ಆಗಿತ್ತು. ಅದರ ಪಕ್ಕ ಬಂದಾಗ... ಡಬ್. ಡಬ್. ಡಬ್. ಚಪ್ಪಡಿಯ ಕೆಳಗಿಂದ. ಮೇಸ್ತ್ರಿ ಅಲ್ಲೇ ನಿಂತುಬಿಟ್ಟ. ಆ ಸದ್ದು ಅವನು ಮೊದಲೇ ಕೇಳಿದ್ದ.

ಆ ಮೂಲೆಗೆ ಕಾಂಕ್ರೀಟು ಹಾಕಿದವನು ಇವನೇ. ಏಳು ವರ್ಷದ ಹಿಂದೆ ಆ ಮೈದುನ ಓಡಿ ಬಂದಿದ್ದ. "ಹಳೇ ನೀರಿನ ತೊಟ್ಟಿ, ಮಣ್ಣು ತುಂಬಿಸಿದ್ದೀನಿ. ಇವತ್ತೇ ಮುಚ್ಚಿಬಿಡು." ಮೇಸ್ತ್ರಿ ಎಂದಿನಂತೆ ತಟ್ಟಿ ನೋಡಿದ. ಒಳಗಿಂದ ಡಬ್, ಡಬ್, ಡಬ್. "ಪೊಳ್ಳಿದೆ," ಅಂದ. ಪೊಳ್ಳಿದ್ದರೆ ಬಡೀಬೇಕು, ಕಸುಬೇ ಹಾಗೆ. ಮಣ್ಣು ಬಡಿಯೋ ದಮ್ಮಸ್ಸು ಎತ್ತೆತ್ತಿ ಅರ್ಧ ಗಂಟೆ ಹೊಡೆದ. ಧಡ್... ಧಡ್... ಒಳಗಿನ ಸದ್ದು ನಿಂತಿತು. "ಈಗ ಗಟ್ಟಿಯಾಯ್ತು ನೋಡು," ಅಂತ ನಕ್ಕು ಮೇಲೆ ಕಾಂಕ್ರೀಟು ಸುರಿದಿದ್ದ ಮುಂಡೇದು!

ಬಾವಿ ಹತ್ತಿರ ನಿಂತಾಗಲೇ ಅವನಿಗೆ ಅರ್ಥ ಆಗಿದ್ದು. ರಾತ್ರಿಯೆಲ್ಲ ನಿದ್ದೆ ಇಲ್ಲ.

ಬೆಳಿಗ್ಗೆ ಬಡಗಿ ಮನೆಯ ಆ ಮೂಲೆಗೆ ಹಾರೆ ಹಾಕಿ ಮೀಟಿದ. ನಾಲ್ಕು ಆಳು ಎತ್ತೋ ತುಂಡು ಕರ್ರ್... ಅಂತ ಹಗುರವಾಗಿ ಎದ್ದುಬಂತು. ಗೋಡೆಗೆ ಒರಗಿಸಿ ಬುಡಕ್ಕೆ ಕಲ್ಲು ಕೊಟ್ಟ. ತುಂಡಿನ ಕೆಳಮೈಯಲ್ಲಿ ಒಂದು ಅಂಗೈ ಗುರುತು. ಉಂಗುರದ ಬೆರಳು ಅರ್ಧವೇ. ಬಡಗಿಯ ಆ ಬೆರಳನ್ನ ಗರಗಸ ಅರ್ಧಕ್ಕೇ ತಿಂದಿತ್ತು.

ಆಯಮ್ಮ ಗುರುತಿನೊಳಗೆ ತನ್ನ ಕೈ ಇಟ್ಟಳು. "ನಮ್ಮವರದೇ."

"ಅಕ್ಕ... ಜೀವ ಇತ್ತು," ಅಂದ ಮೇಸ್ತ್ರಿ. "ನಾನೇ ಬಡಿದು ಸಾಯಿಸಿದೆ."

ಅಷ್ಟರಲ್ಲಿ ಬಾಗಿಲಲ್ಲಿ ಮೈದುನ! ನೆಲದಲ್ಲಿದ್ದ ಸುತ್ತಿಗೆ ಎತ್ತಿಕೊಂಡ. ಮೊದಲ ಏಟು ಮೇಸ್ತ್ರಿಯ ಹೆಗಲಿಗೆ. ಲಟಕ್, ಮೂಳೆ ಮುರೀತು. ಎರಡನೇದು ಅತ್ತಿಗೆ ತಲೆಗೆ ಅಂತ ಎತ್ತಿದ... ಗೋಡೆಗೆ ಒರಗಿದ್ದ ತುಂಡು ಮುಂದಕ್ಕೆ ಬಂತು. ಧೊಪ್! ಮೈದುನ ಅದರಡಿ. ರಕ್ತ ಹರಿದು ಆಯಮ್ಮನ ಪಾದ ನೆನೀತು.

ಆಮೇಲೆ... ಡಬ್. ಡಬ್. ಡಬ್.

"ಜೀವ ಇದೆ!" ಮೇಸ್ತ್ರಿ ಹಾರೆಗೆ ಕೈ ಹಾಕಿದ.

"ಬಿಡು, ಸಾಯ್ಲಿ."

"ಇಲ್ಲಕ್ಕ. ಇನ್ನೊಂದು ಸಲ ಆ ಪಾಪ ಬೇಡ."

ಒಂದೇ ಕೈಯಲ್ಲಿ ಮೀಟಿದ. ಅಕ್ಕಪಕ್ಕದ ಐದು ಜನ ಬಂದು ಕೈ ಕೊಟ್ಟರು. ಜಪ್ಪಯ್ಯ ಅಂದ್ರೂ ಅಲ್ಲಾಡಲಿಲ್ಲ. ಸದ್ದು ಮಾತ್ರ ನಿಲ್ಲಲೇ ಇಲ್ಲ, ಐವರೂ ಕೇಳಿದ್ದಾರೆ. ಕೊನೆಗೆ ಆಯಮ್ಮ ಬಗ್ಗಿ ತುಂಡಿನ ಮೇಲೆ ಕೈಯಿಟ್ಟಳು. "ಸಾಕು ಬಿಡ್ರೀ," ಅಂದಳು, ಗಂಡನ ಹತ್ತಿರ ಮಾತಾಡೋ ಹಾಗೆ. ತುಂಡು ಎದ್ದಿತು.

ಮೈದುನನ ತಲೆ ಜಜ್ಜಿಹೋಗಿತ್ತು. ಬಿದ್ದ ಕ್ಷಣವೇ ಪ್ರಾಣ ಹೋಗಿದೆ ಅಂದ್ರು ಡಾಕ್ಟರು. ಹಾಗಾದ್ರೆ ತಟ್ಟಿದ್ದು...?

ಮೇಸ್ತ್ರಿ ಪೊಲೀಸರ ಮುಂದೆ ಎಲ್ಲ ಒಪ್ಪಿಕೊಂಡ. ತೊಟ್ಟಿ ಅಗೆದರೆ ಬಡಗಿಯ ಮೂಳೆ ಸಿಕ್ಕವು. ಜೀವ ಇದ್ದದ್ದಕ್ಕೆ ಸಾಕ್ಷಿ ತೋರಿಸ್ತೀನಿ ಅಂತ ತುಂಡು ಮಗುಚಿಸಿದ. ಅಂಗೈ ಗುರುತು ಇರಲೇ ಇಲ್ಲ. ಗಾರೆ ಸವರೋ ಕರಣೆಯಲ್ಲಿ ಎಳೆದ ಹಾಗೆ ನುಣ್ಣಗಿತ್ತು.

ಸುಳ್ಳಲ್ಲ ಕಣ್ರೋ. ನಾನೇ ಕೈಯಾಡಿಸಿ ನೋಡಿದ್ದೀನಿ.